ಆರು ದೋಣಿಗಳ ನಂಬರು

ಅವನೂ ನಾನೂ ಕಮಲಾಪುರದವರು. ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ದಿನಾ ಒಂದೇ ಬಸ್ಸಿಗೆ ಕಲಬುರ್ಗಿಗೆ ಬಂದು, ಸೂಪರ್ ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿ ಒಬ್ಬ ಉಸ್ತಾದರ ಹತ್ತಿರ ಬೋರ್ಡು ಬರೆಯುವುದನ್ನು ಕಲಿತೆವು. ಅವನದು ಪೂಜೆ ಪುನಸ್ಕಾರದ ಮನೆತನ, ಮನೆಯೊಳಗೆ ಮರಾಠಿ, ಹೊರಗೆ ಕನ್ನಡ. ನಮ್ಮಪ್ಪ, ನಮ್ಮವ್ವ ರಸ್ತೆ ಕೆಲಸಕ್ಕೆ ಖಡಿ ಒಡೆಯುತ್ತಿದ್ದರು. ಅವನು ಮ್ಯಾಟ್ರಿಕ್ ಪಾಸಾಗಿದ್ದ, ನಾನು ಏಳನೇತ್ತಕ್ಕೆ ಶಾಲೆ ಬಿಟ್ಟಿದ್ದೆ. ಇದ್ಯಾವುದೂ ನಮ್ಮ ನಡುವೆ ಮಾತಿಗೆ ಬರುತ್ತಿರಲಿಲ್ಲ. ಅಡ್ಡ ಬಂದದ್ದು ಅಕ್ಷರ.

ಉಸ್ತಾದರು ಸುಣ್ಣದ ದಾರ ಬಡಿದು ಗೆರೆ ಮೂಡಿಸಿ, ಅದರೊಳಗೆ ಬರೆಯಲು ಕಲಿಸಿದರು. ನನಗೆ ಆ ಗೆರೆ ಇಂದಿಗೂ ಬೇಕು. ಅವನು ಆರು ತಿಂಗಳಲ್ಲಿ ಗೆರೆ ಹಾಕುವುದನ್ನೇ ಬಿಟ್ಟ. ತಗಡಿನ ಮುಂದೆ ಸ್ವಲ್ಪ ಹೊತ್ತು ಸುಮ್ಮನೆ ನಿಂತು ಬ್ರಷ್ ಇಟ್ಟನೆಂದರೆ ಕೊನೆಯ ಅಕ್ಷರ ಸರಿಯಾಗಿ ಅಂಚಿನ ಒಳಗೆ ಬಂದು ಕೂರುತ್ತಿತ್ತು. ನಾನು ಬರೆದರೆ ಜಾಗ ಸಾಲದೆ ‘ಭಂಡಾರ’ದ ರ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡ ಹಾಗೆ ಕಾಣುತ್ತಿತ್ತು. ಅವನ ಬೋರ್ಡನ್ನು ಉಸ್ತಾದರು ಗಲ್ಲಿಗೆ ಕಾಣುವ ಹಾಗೆ ಹೊರಗೆ ಒಣಗಲು ಇಡುತ್ತಿದ್ದರು. ನನ್ನದು ಒಳಗೆ. ಒಳಗೆ ಧೂಳು ಕಡಿಮೆ ಎಂದು ಹೇಳುತ್ತಿದ್ದರು. ಒಳ್ಳೆಯ ಮನುಷ್ಯ.

ಉಸ್ತಾದರ ಕಣ್ಣು ಮಂಜಾದ ಮೇಲೆ ಅದೇ ಅಂಗಡಿಯನ್ನು ನಾವಿಬ್ಬರೂ ಸೇರಿ ನಡೆಸಿದೆವು. ಗಿರಾಕಿಗಳು ಬಂದು ನನ್ನ ಮುಖ ನೋಡಿ, “ಅವ್ರು ಇಲ್ಲೇನ್ರಿ?” ಎಂದು ಕೇಳುತ್ತಿದ್ದರು. ಇಲ್ಲವೆಂದರೆ ಆಮೇಲೆ ಬರುತ್ತೇವೆಂದು ಹೋಗುತ್ತಿದ್ದರು. ಕೈಯಲ್ಲಿ ಬ್ರಷ್ ಹಿಡಿದು ಕೂತಿದ್ದ ನಾನು ಅವರಿಗೆ ಅಂಗಡಿಯ ಸ್ಟೂಲಿನ ಹಾಗೆ. ಇದನ್ನಾದರೂ ನುಂಗಿಕೊಂಡೆ. ನನ್ನ ಮದುವೆಯಾದ ವರ್ಷ ನನ್ನ ಹೆಂಡತಿ ತವರಿನಿಂದ ತಂದ ಟ್ರಂಕಿನ ಮೇಲೆ ಅವಳ ಹೆಸರು ಬರೆಯುತ್ತೇನೆಂದು ಬಣ್ಣ ಕಲೆಸಿಕೊಂಡು ಕೂತೆ. ಅವಳು ನಾಚಿಕೊಂಡೇ, ನಿಮ್ಮ ಗೆಳೆಯರ ಕೈಯಿಂದ ಬರೆಸಿದರೆ ಚೆನ್ನಾಗಿತ್ತು, ಸುತ್ತಲೂ ಬಳ್ಳಿ ಬಿಡಿಸುತ್ತಾರಂತೆ, ಎಂದಳು. ಬರೆಸಿಕೊಟ್ಟೆ. ಬಳ್ಳಿಯನ್ನೂ ಬಿಡಿಸಿದ. ಆ ಟ್ರಂಕು ನಮ್ಮ ಮನೆಯಲ್ಲಿ ಇಪ್ಪತ್ತು ವರ್ಷ ಇತ್ತು, ದಿನಾ ನನ್ನ ಕಣ್ಣೆದುರಿಗೆ.

ದೋಣಿಗಳು ಬಂದದ್ದು ನನ್ನ ಮದುವೆಯಾಗಿ ಕೆಲವು ವರ್ಷಕ್ಕೆ. ಕಲಬುರ್ಗಿಯ ಕೆರೆಯಲ್ಲಿ ಜನರನ್ನು ದೋಣಿಯಲ್ಲಿ ಕೂರಿಸಿ ಸುತ್ತಾಡಿಸುವ ಗುತ್ತಿಗೆಯನ್ನು ಒಬ್ಬರು ಹಿಡಿದಿದ್ದರು. ಕಪನೂರಿನ ವರ್ಕ್‌ಶಾಪಿನಲ್ಲಿ ಆರು ದೋಣಿ ರಿಪೇರಿಯಾಗಿ ದಂಡೆಗೆ ಬಂದು ಬೋರಲಾಗಿ ಬಿದ್ದಿದ್ದವು. ಗುತ್ತೇದಾರರು ನಮ್ಮ ಅಂಗಡಿಗೆ ಬಂದು ಕೆಲಸ ಹಂಚಿದರು. ಚಿತ್ರ ಅವನಿಗೆ. ನಂಬರು ಮತ್ತು ಎಷ್ಟು ಮಂದಿ ಕೂರಬೇಕು ಅನ್ನುವುದು ನನಗೆ.

ಅವನು ಎಂಟು ದಿನ ಕೂತು ಬಿಡಿಸಿದ. ಮೊದಲ ದೋಣಿಗೆ ನವಿಲು, ಮೂತಿಯ ಹತ್ತಿರ ತಲೆ, ಗರಿ ಹಿಂದಿನ ತುದಿಯವರೆಗೆ. ಎರಡನೆಯದಕ್ಕೆ ನಡುವೆ ಒಂದು ಹಂಸ, ನೀಲಿ ನೀರಿನ ಮೇಲೆ ರೆಕ್ಕೆ ಅರ್ಧ ತೆರೆದದ್ದು. ಉಳಿದವಕ್ಕೆ ಮೀನು, ಕಮಲ, ಗಿಳಿ, ಆನೆ. ಸಂಜೆ ಕೆರೆ ದಂಡೆಗೆ ತಿರುಗಾಡಲು ಬರುವವರು ಅವನ ಹಿಂದೆ ಗುಂಪಾಗಿ ನಿಲ್ಲುತ್ತಿದ್ದರು. ಒಬ್ಬ ಮುದುಕಿ ಹಂಸದ ಕಣ್ಣು ತನ್ನನ್ನೇ ನೋಡುತ್ತಿದೆ ಎಂದಳು. ನಾನು ನೋಡಿದೆ. ನಿಜವೇ, ನನ್ನನ್ನೂ ನೋಡುತ್ತಿತ್ತು. ಪಕ್ಕಗಳಲ್ಲೆಲ್ಲ ಅವನ ಚಿತ್ರವೇ ತುಂಬಿದ್ದರಿಂದ ನಾನು ನಂಬರುಗಳನ್ನು ಹಿಂದಿನ ಹಲಗೆಯ ಮೇಲೆ, ಬೆರಳುದ್ದ ಬರೆದು ಮುಗಿಸಿದೆ. ಅದನ್ನು ನೋಡಲು ಯಾರೂ ಬರಲಿಲ್ಲ.

ಆಮೇಲೆ ತಪಾಸಣೆಯ ಸಾಹೇಬರು ಬಂದರು. ಆವತ್ತು ಅವನು ಇರಲಿಲ್ಲ, ತಂಗಿಯ ಸೀಮಂತಕ್ಕೆ ಕಮಲಾಪುರದಲ್ಲೇ ಉಳಿದಿದ್ದ. ಸಾಹೇಬರು ತೆಳ್ಳಗಿನ, ಮಾತು ಕಡಿಮೆಯ ಮನುಷ್ಯ. ದೋಣಿಯನ್ನು ಒಂದು ಸುತ್ತು ಹಾಕಿ, ನಂಬರು ಎಲ್ಲಿದೆ ಎಂದು ಕೇಳಿದರು. ನಾನು ಹಿಂದಿನ ಹಲಗೆ ತೋರಿಸಿದೆ. ಅವರು ಬಗ್ಗಿ, ಕನ್ನಡಕ ಸರಿಮಾಡಿಕೊಂಡು ಓದಿದರು. ಆಮೇಲೆ ಗುತ್ತೇದಾರರನ್ನು ಕರೆದು ಕೈಯಲ್ಲಿದ್ದ ಕಾಗದ ನೋಡಿ ಒಂದೊಂದಾಗಿ ಹೇಳಿದರು. ನಂಬರು ದೋಣಿಯ ಮುಂಭಾಗದಲ್ಲಿ, ಎರಡೂ ಪಕ್ಕ, ಗೇಣುದ್ದ ಇರಬೇಕು. ಬಿಳಿಯ ಮೇಲೆ ಕಪ್ಪು, ದಂಡೆಯಲ್ಲಿ ನಿಂತವನಿಗೆ ಓದಲು ಬರಬೇಕು. ಎಷ್ಟು ಮಂದಿ ಅನ್ನುವುದು ಕಾಲಿಡುವ ಮೊದಲೇ ಕಣ್ಣಿಗೆ ಬೀಳಬೇಕು. ದೋಣಿ ಎಷ್ಟು ಮುಳುಗಬಹುದೋ ಅಲ್ಲಿಗೆ ಒಂದು ಕೆಂಪು ಗೆರೆ. ಕೂತ ಪ್ರತಿಯೊಬ್ಬರಿಗೂ ತೇಲುವ ಜಾಕೆಟ್ಟು, ಮಕ್ಕಳಿಗೆ ಮಕ್ಕಳ ಅಳತೆಯದೇ. ಎಸೆಯಲು ಹಗ್ಗ ಕಟ್ಟಿದ ರಿಂಗು, ಅದರ ಮೇಲೂ ದೋಣಿಯ ನಂಬರು. ನೀರು ಮೊಗೆಯಲು ಬಕೆಟ್ಟು, ಒಂದು ಸೀಟಿ, ಒಂದು ಹೆಚ್ಚಿನ ಹುಟ್ಟು.

ಚಿತ್ರ ತೆಗೆಯಬೇಕೇನು ಎಂದು ಗುತ್ತೇದಾರರು ಕೇಳಿದರು. ಸಾಹೇಬರು ನವಿಲಿನ ಕೊರಳಿನ ಹತ್ತಿರ ಕೈಯಿಟ್ಟು, “ಮುಂದಿಂದು ಎರಡು ಮೊಳ ಖಾಲಿ ಬಿಟ್ರ ಸಾಕ್ರಿ. ಉಳದದ್ದು ಇರ್ಲಿ, ಚಂದ ಅದ,” ಎಂದರು.

ಗುತ್ತೇದಾರರು ಜಾಕೆಟ್ಟು ತರಲು ಮರುದಿನವೇ ಹೈದರಾಬಾದಿಗೆ ಹೋದರು. ಹೋಗುವಾಗ ಸಾಹೇಬರು ಹೇಳಿದ ಹಾಗೆ ಮಾಡಿಡಿ ಎಂದು ನನಗೆ ಹೇಳಿದರು. ದಂಡೆಯಲ್ಲಿ ನಾನು, ಆರು ದೋಣಿ, ಎರಡು ಡಬ್ಬಿ ಬಿಳಿ ಪೇಂಟು.

ನವಿಲಿನಿಂದ ಶುರುಮಾಡಿದೆ. ಅದರ ತಲೆ, ಕೊರಳು ಆ ಎರಡು ಮೊಳದೊಳಗೇ ಇದ್ದವು, ಅವು ಹೋಗಲೇಬೇಕಿತ್ತು. ಹೋದ ಮೇಲೆ ತಲೆಯಿಲ್ಲದ ಗರಿ ಉಳಿಯಿತು. ಹೀಗೆ ಬಿಟ್ಟರೆ ಅಸಹ್ಯ ಎಂದು ನನಗೆ ನಾನೇ ಹೇಳಿಕೊಂಡು ಗರಿಯನ್ನೂ ಬಳಿದೆ. ಇಲ್ಲಿಯವರೆಗಿನದನ್ನು ಯಾರ ಮುಂದೆ ಬೇಕಾದರೂ ಸಮರ್ಥಿಸಬಲ್ಲೆ. ಹಂಸದ ಮಾತು ಬೇರೆ. ಅದು ದೋಣಿಯ ನಟ್ಟನಡುವೆ ಇತ್ತು. ಮುಂದಿನ ಎರಡು ಮೊಳದಲ್ಲಿ ಬರೀ ನೀಲಿ ನೀರು. ಅದಕ್ಕೆ ಬಿಳಿ ಬಳಿದು ನಂಬರು ಬರೆದಿದ್ದರೆ ಹಂಸ ನಂಬರಿನ ಹಿಂದೆ ಈಜಿಕೊಂಡು ಬರುವ ಹಾಗೆ ಕಾಣುತ್ತಿತ್ತು. ಅಷ್ಟು ನನಗೂ ಹೊಳೆದಿತ್ತು. ಆದರೂ ಬ್ರಷ್ಷನ್ನು ನಡುವೆಯೇ ಇಟ್ಟೆ, ಮೊದಲು ಕಣ್ಣಿನ ಮೇಲೆ.

ಒಂದು ಕೋಟು ಬಳಿದರೆ ನೀಲಿ ಮರೆಯಾಗಲಿಲ್ಲ. ಎರಡನೆಯದು ಹಾಕಿದೆ. ಒಣಗಿದ ಮೇಲೆ ನೋಡಿದರೆ ಬಿಸಿಲು ಓರೆಯಾದಾಗ ರೆಕ್ಕೆಯ ಅಂಚು ಬಿಳಿಯ ಕೆಳಗೆ ಉಬ್ಬಿಕೊಂಡು ಕಾಣುತ್ತಿತ್ತು. ಪಾಲಿಶ್ ಪೇಪರ್ ತಂದು ಅದನ್ನೂ ತಿಕ್ಕಿ ಸಮ ಮಾಡಿ ಮೂರನೆಯ ಕೋಟು ಹಾಕಿದೆ. ಮೀನು, ಕಮಲ, ಗಿಳಿ, ಆನೆ ಎಲ್ಲವೂ ಹೋದವು. ಆ ಮೂರು ದಿನ ನನಗೆ ಬಹಳ ಹಸಿವಾಗುತ್ತಿತ್ತು, ಕಟ್ಟಿಕೊಂಡು ಬಂದ ರೊಟ್ಟಿ ಸಾಲುತ್ತಿರಲಿಲ್ಲ. ಸುಖ ಎನ್ನಬೇಕೋ ಏನೆನ್ನಬೇಕೋ. ನಂತರ ದಾರ ಬಡಿದು ಗೆರೆ ಹಾಕಿ ನಂಬರು ಬರೆದೆ. ಅಷ್ಟು ಚೆನ್ನಾಗಿ ನಾನು ಹಿಂದೆಂದೂ ಬರೆದಿರಲಿಲ್ಲ.

ಅವನು ಕಮಲಾಪುರದಿಂದ ಒಂದು ಗೊನೆ ಕೆಂಪು ಬಾಳೆಹಣ್ಣು ಹೊತ್ತುಕೊಂಡು ನೇರ ದಂಡೆಗೇ ಬಂದ. ಹಣ್ಣನ್ನು ಕೆಳಗಿಳಿಸಿ ದೋಣಿಗಳನ್ನು ಒಂದೊಂದಾಗಿ ನೋಡಿದ.

“ಸಾಹೇಬ್ರು ಎಲ್ಲಾ ಅಳಸಂದ್ರೇನು?”

“ಹೌದು,” ಎಂದೆ.

ಅವನು ತಲೆಯಾಡಿಸಿದ. ನಂಬರು ಚೆಂದ ಬಂದಿವೆ ಎಂದ. ಅಂಗಿಯ ತೋಳು ಮಡಚಿ ನನ್ನ ಪಕ್ಕ ಕೂತು ರಿಂಗುಗಳಿಗೆ ಕೆಂಪು ಪಟ್ಟೆ ಹಾಕತೊಡಗಿದ. ಆ ಪಟ್ಟೆಗಳೂ ನನ್ನವಕ್ಕಿಂತ ನೇರ.

ಸಾಹೇಬರು ಎರಡನೇ ಸಲ ಬಂದಾಗ ದಂಡೆಯ ಮೇಲಿನಿಂದಲೇ ಆರೂ ನಂಬರುಗಳನ್ನು ಜೋರಾಗಿ ಓದಿದರು. ಜಾಕೆಟ್ಟುಗಳನ್ನು ಎಣಿಸಿ, ಒಂದನ್ನು ನೀರಿಗೆ ಎಸೆದು ತೇಲುವುದನ್ನು ನೋಡಿ, ಕಾಗದಕ್ಕೆ ಸಹಿ ಹಾಕಿದರು. ಬರೆದವರು ಯಾರು ಎಂದು ಕೇಳಿದಾಗ ಗುತ್ತೇದಾರರು ನನ್ನ ಕಡೆ ಬೆರಳು ತೋರಿಸಿದರು. ಇಬ್ಬರೂ ಇದ್ದಾಗ ಬೆರಳು ನನ್ನ ಕಡೆ ಬಂದದ್ದು ಅದೇ ಮೊದಲು.

ದೋಣಿ ಶುರುವಾದ ಭಾನುವಾರ ಅವನು ಮನೆಯವರನ್ನೆಲ್ಲ ಕರೆತಂದಿದ್ದ. ತಾಯಿ, ಹೆಂಡತಿ, ಇಬ್ಬರು ಮಕ್ಕಳು, ಭಾವ, ತಮ್ಮ. ಅವನೂ ಸೇರಿ ಏಳು ಮಂದಿ. ‘ಆರು ಮಂದಿ ಮಾತ್ರ’ ಎಂದು ನಾನು ಬರೆದದ್ದು ಕಾಲಿಡುವಲ್ಲೇ ಇತ್ತು. ಆದರೂ ಗದ್ದಲದಲ್ಲಿ ಎಲ್ಲರೂ ಹತ್ತಿ, ಜಾಕೆಟ್ಟಿನ ದಾರ ಕಟ್ಟಿಕೊಂಡು ಕೂತರು. ಭಾವ ದಪ್ಪಗಿನ ಆಳು. ದೋಣಿಯವನು ಹುಟ್ಟು ಹಿಡಿಯುವ ಮೊದಲು ಪಕ್ಕಕ್ಕೆ ಬಗ್ಗಿ ನೋಡಿ, ಕೆಂಪು ಗೆರೆ ನೀರೊಳಗೆ ಹೋಗಿದೆ, ಒಬ್ಬರು ಇಳಿಯಬೇಕು ಎಂದ. ಯಾರೂ ಏಳಲಿಲ್ಲ. ಕೊನೆಗೆ ಅವನೇ ಜಾಕೆಟ್ಟು ಬಿಚ್ಚಿಕೊಟ್ಟು ಇಳಿದು ಬಂದು ನನ್ನ ಪಕ್ಕ ನಿಂತ. ಗೆರೆ ನೀರಿನಿಂದ ಮೇಲೆ ಬಂತು. ದೋಣಿ ಹೋಯಿತು. ಅವನ ಮಗಳು ಕೈಬೀಸಿದಳು. ನಾವಿಬ್ಬರೂ ಕೈಬೀಸಿದೆವು.

“ಗುತ್ತೇದಾರ್ರು ನಿನ್ನೆ ಮಾತಾಡ್ತಾ ಅಂದ್ರು,” ಎಂದ, ನೀರಿನ ಕಡೆ ನೋಡುತ್ತಲೇ. “ಸಾಹೇಬ್ರು ಎರಡು ಮೊಳ ಅಷ್ಟೇ ಅಂದಿದ್ರಂತ.”

ನಾನು ಅವನ ಮಗಳ ಕಡೆ ಇನ್ನೊಮ್ಮೆ ಕೈಬೀಸಿದೆ.

“ನವಲಿಂದು ತಿಳೀತು. ಹಂಸ ಏನ್ ಮಾಡಿತ್ತೋ ನಿನಗ?”

ಸುಳ್ಳು ಹೇಳಲು ಬಹಳ ಹುಡುಕಿದೆ. ಸಿಗಲಿಲ್ಲ. “ಹೊಟ್ಟಿಕಿಚ್ಚು,” ಎಂದೆ. “ನೀ ಬರದದ್ದು ನೋಡಿದ್ರ ನನಗ ನಿದ್ದಿ ಬರಂಗಿಲ್ಲ. ಉಸ್ತಾದರ ಕಾಲದಿಂದ.”

ಅವನು ನನ್ನನ್ನು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ದೋಣಿ ಸುತ್ತು ಮುಗಿಸಿ ಬಂದಾಗ ತಾಯಿಯ ಕೈ ಹಿಡಿದು ಇಳಿಸಿಕೊಂಡು, ನಾಳೆ ಅಂಗಡಿ ಬೇಗ ತೆರೆಯಬೇಕು, ಒಂದು ಸೈಕಲ್ ಅಂಗಡಿಯ ಬೋರ್ಡಿದೆ ಎಂದು ಹೇಳಿ ಹೋದ. ಮರುದಿನ ನಾನು ಹೋಗುವಷ್ಟರಲ್ಲಿ ಅವನೇ ತೆರೆದಿದ್ದ. ಅದರ ನಂತರ ಬಿಡಿಸುವ ಕೆಲಸ ಬಂದಾಗಲೆಲ್ಲ ಮನೆಗೆ ಒಯ್ದು ಬಿಡಿಸಿ ತರುತ್ತಿದ್ದ. ಅಂಗಡಿಯಲ್ಲಿ ಬರೀ ಅಕ್ಷರ ಬರೆಯುತ್ತಿದ್ದ.

ಎರಡು ವರ್ಷದ ಮೇಲೆ ಅವನಿಗೆ ಒಂದು ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರರ ಕೆಲಸ ಸಿಕ್ಕಿತು. ಅಂಗಡಿ ನನ್ನೊಬ್ಬನದಾಯಿತು. ಸಂತೋಷವಾಗಬೇಕಿತ್ತು. ಆದರೆ ಅವನಿಗೆ ತಿಂಗಳ ಪಗಾರ, ಇಸ್ತ್ರಿ ಮಾಡಿದ ಅಂಗಿ, ಎಲ್ಲರ ಬಾಯಲ್ಲಿ ‘ಸರ್’. ನನಗೆ ಮತ್ತೆ ಅದೇ ಉರಿ, ಈ ಸಲ ಅಂಗಿಯ ಮೇಲೆ. ಆದರೆ ದೋಣಿಗಳು ನನ್ನ ಕೈ ಬಿಡಲಿಲ್ಲ. ನೀರಿನಲ್ಲಿ ನಿಂತು ನಂಬರು ಮಾಸುತ್ತಿದ್ದವು, ವರ್ಷಕ್ಕೊಮ್ಮೆ ತಪಾಸಣೆಗೆ ಮುಂಚೆ ಹೊಸದಾಗಿ ಬರೆಯಬೇಕು. ಅದನ್ನು ನೋಡಿ ಆಟೋದವರು, ಲಾರಿಯವರು ಬಂದರು. ಓದಲು ಬರುವ ಅಕ್ಷರ ಬೇಕಾದವರೆಲ್ಲ ನನ್ನ ಹತ್ತಿರ ಬಂದರು. ಗಲ್ಲಿಯಲ್ಲಿ ನನಗೆ ನಂಬರ್ ಪೇಂಟರ್ ಎಂದೇ ಹೆಸರಾಯಿತು.

ತೊಂಬತ್ತರ ದಶಕದ ಕೊನೆಯಲ್ಲಿ ಒಂದು ದಿನ ಅವನು ಹೊಸ ಸ್ಕೂಟರ್ ತಂದು ಅಂಗಡಿಯ ಮುಂದೆ ನಿಲ್ಲಿಸಿದ. ಹಸಿರು ಬಣ್ಣದ್ದು, ಸೀಟಿನ ಪ್ಲಾಸ್ಟಿಕ್ ಕವರ್ ಇನ್ನೂ ಕಿತ್ತಿರಲಿಲ್ಲ. ನಂಬರು ಬರೆದುಕೊಡು ಎಂದ.

“ನಿನಗ ಬರಾಂಗಿಲ್ಲೇನು?” ಎಂದು ಕೇಳಿದೆ.

“ಬರ್ತದ. ನಿನ್ನಂಗ ಬರಾಂಗಿಲ್ಲ,” ಎಂದ.

ಅವನ ಮುಖ ನೋಡಿದೆ. ಚುಚ್ಚಿದನೋ, ನಿಜ ಹೇಳಿದನೋ ಗೊತ್ತಾಗಲಿಲ್ಲ. ದಾರ ಬಡಿದು, ಗೆರೆ ಹಾಕಿ, ಹಿಂದೆ ಮುಂದೆ ಎರಡೂ ಕಡೆ ಬರೆದುಕೊಟ್ಟೆ. ಒಣಗುವವರೆಗೆ ಚಹಾ ಕುಡಿದೆವು. ಅವನು ಕಿಕ್ ಹೊಡೆದ ಒಂದೇ ಏಟಿಗೆ ಅದು ಚಾಲೂ ಆಯಿತು. ಗಲ್ಲಿಯ ತಿರುವಿನವರೆಗೂ ನೋಡಿದೆ. ನನ್ನ ಅಕ್ಷರ ಅಷ್ಟು ದೂರದಿಂದಲೂ ಸ್ಪಷ್ಟವಾಗಿ ಕಾಣುತ್ತಿತ್ತು. ಅದಕ್ಕೆ ಖುಷಿಪಡುವ ಮೊದಲೇ, ಈ ಬಣ್ಣದ ಸ್ಕೂಟರ್ ನನ್ನ ಹತ್ತಿರ ಯಾಕಿಲ್ಲ ಎಂದು ಅನ್ನಿಸಿಬಿಟ್ಟಿತು.