ಸಿಯುನೆಯ ಕೂದಲು ಚೀಲ

ನಮ್ಮ ಸಿಂಬು ಬೆಟ್ಟಗಳಲ್ಲಿ ಮಾತುಗಾರರಿಗೆ ಬರವಿಲ್ಲ. ಆದರೂ ಊರ ಸಭೆಯಲ್ಲಿ ಸಿಯುನೆ ಎದ್ದು ನಿಂತನೆಂದರೆ ಉಳಿದವರು ಇನ್ನೊಂದು ಅಡಿಕೆ ಬಾಯಿಗೆ ಹಾಕಿಕೊಂಡು ಆರಾಮಾಗಿ ಕೂರುತ್ತಿದ್ದರು. ಬೇಗ ಮುಗಿಯುವ ವ್ಯವಹಾರವಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಗಂಡಸು ಬೇಲಿ ಕಟ್ಟುತ್ತಾನೆ, ಕಾಲುವೆ ತೋಡುತ್ತಾನೆ, ಹೆಂಗಸು ನೆರಳಲ್ಲಿ ಕೂತು ನಾರು ಹೊಸೆದು ಬಿಲುಮ್ ಚೀಲ ಹೆಣೆಯುತ್ತಾ ದಣಿವಾಯಿತೆನ್ನುತ್ತಾಳೆ ಎಂಬುದು ಅವನ ಮೆಚ್ಚಿನ ಭಾಷಣ. ಅವನ ಬೇಲಿಯಲ್ಲಿ ಹಂದಿ ಬಗ್ಗದೆಯೇ ನುಸುಳಬಹುದಾಗಿತ್ತು, ಆ ಮಾತು ಬೇರೆ.

ಕೇದಗೆಯ ಜಾತಿಯ ಕಾಡುಮರದ ಕಾಯಿ ಕೀಳಲು ಹೋಗಿ, ಕೆಳಗಿದ್ದವರಿಗೆ ಹತ್ತುವ ಕ್ರಮ ವಿವರಿಸುತ್ತಲೇ ಅವನು ಬಿದ್ದ. ಕಾಲು ಮುರಿಯಿತು. ಆರೋಗ್ಯ ಕೇಂದ್ರದಲ್ಲಿ ಪಟ್ಟಿ ಕಟ್ಟಿ ಮನೆಗೆ ಕಳಿಸಿದರು. ಬಾಯಿಗೇನೂ ಆಗಿರಲಿಲ್ಲ.

ಹೆಂಡತಿ ರುಫಿನಾ ಬೆಳಗ್ಗೆ ಹೋದವಳು ಸಂಜೆ ಬರುತ್ತಿದ್ದಳು. ಹಣೆಯಿಂದ ಬೆನ್ನಿಗಿಳಿದ ಚೀಲದಲ್ಲಿ ಗೆಣಸು, ಅದರ ಮೇಲೆ ಸೌದೆ, ಎಲ್ಲಕ್ಕಿಂತ ಮೇಲೆ ಇನ್ನೊಂದು ಚೀಲದಲ್ಲಿ ಮಲಗಿದ ಮಗಳು. ಎಲ್ಲ ಇಳಿಸಿ, ಒಲೆ ಹೊತ್ತಿಸಿ, ಕಾಡುಗಿಡದ ತೊಗಟೆಯ ನಾರನ್ನು ತೊಡೆಯ ಮೇಲೆ ಹೊಸೆಯಲು ಕೂತಾಗ ಗಂಡ ಹೇಳಿದ, ಕೂತಲ್ಲೇ ಕೂತು ಮಾಡುವ ಕೆಲಸವಾದರೆ ತನಗೂ ಸಿಗಬಾರದಿತ್ತೇ ಎಂದು.

ಅವಳು ನಾರಿನ ಕಂತೆಯನ್ನು ಅವನ ಮಡಿಲಿಗೆ ಹಾಕಿದಳು. "ಸಿಕ್ತಲ್ಲ. ಮಾಡು."

ಹೆಂಗಸರ ತೊಡೆ ಚಿಕ್ಕಂದಿನಿಂದ ನಾರು ಹೊಸೆದು ಹೊಸೆದು ನುಣ್ಣಗಾಗಿರುತ್ತದೆ. ಸಿಯುನೆಯದು ಕರಡಿಯ ಜಾತಿ. ಅಂಗೈ ಒಂದು ಸಲ ಮುಂದೆ ಹೋಗುವಷ್ಟರಲ್ಲಿ ಕೂದಲು ನಾರಿನ ಜೊತೆಗೇ ಸುತ್ತಿಕೊಂಡು ಬೇರು ಸಮೇತ ಬಂತು. ಅವನು ಕೂಗಿದ್ದು ಹೊಳೆಯಾಚೆ ಕೇಳಿಸಿತು. ಆದರೆ ಬಿಟ್ಟರೆ ಹೆಂಡತಿ ಗೆದ್ದಂತಾಗುತ್ತದೆ. ಹಾಗಾಗಿ ಕಣ್ಣಲ್ಲಿ ನೀರು ತುಂಬಿಕೊಂಡೇ ಹೊಸೆದ, ಹೆಣೆದ, ಕೊನೆಗೊಂದು ಚೀಲ ಮಾಡಿ ಅಂಗಳದಲ್ಲಿ ತೂಗುಹಾಕಿದ. ಒಂದು ಕಡೆ ಮೊಲದ ಬಿಲದಷ್ಟು ಸಂದು, ಇನ್ನೊಂದು ಕಡೆ ಬೆರಳೂ ತೂರದ ಗಂಟು, ಮೈತುಂಬಾ ಕಪ್ಪು ರೋಮ.

ಪಕ್ಕದ ಮನೆಯ ವಗೈ ಅಜ್ಜಿ ಹತ್ತಿರ ಬಂದು ಮುಟ್ಟಿ ನೋಡಿದಳು. "ಚೆನ್ನಾಗಿದೆ ಮಗ," ಎಂದಳು. "ಗೆಣಸು ತುಂಬೋಕೆ ಮೊದಲು ಒಂದ್ಸಲ ಬೋಳಿಸಿಬಿಡು."

ಆಗ ನಕ್ಕವರಲ್ಲಿ ನಾನೂ ಒಬ್ಬಳು. ಆದರೆ ಸುಳ್ಳು ಹೇಳಬಾರದು, ತಿಂಗಳುಗಳು ಕಳೆದಂತೆ ಅವನ ತೊಡೆ ಬೋಳಾಯಿತು, ದಾರ ನುಣುಪಾಯಿತು, ಗಂಟುಗಳು ಒಂದೇ ಅಳತೆಗೆ ಬಂದವು. ಜೊತೆಗೆ ಭಾಷಣವೂ ಬದಲಾಯಿತು. ಹೆಣೆಯುವುದಕ್ಕೆ ಗಂಡಸಿನ ತಾಳ್ಮೆಯೇ ಬೇಕೆಂದು ಅವನು ನಮಗೆ, ಹುಟ್ಟಿದಾಗಿನಿಂದ ಚೀಲದಲ್ಲೇ ಬೆಳೆದವರಿಗೆ, ಕೂರಿಸಿಕೊಂಡು ಪಾಠ ಹೇಳತೊಡಗಿದ.

ಕಾಲು ಎಂದೋ ಕೂಡಿಕೊಂಡಿತ್ತು. ಕುಂಟು ಮಾತ್ರ ಉಳಿದಿತ್ತು. ಬೇಲಿಯ ಮಾತೆತ್ತಿದರೆ ಅದು ಜಾಸ್ತಿಯಾಗುತ್ತಿತ್ತು, ಇಸ್ಪೀಟಿನ ಕರೆ ಬಂದರೆ ಕಡಿಮೆಯಾಗುತ್ತಿತ್ತು. ಅಷ್ಟರಲ್ಲಿ ಗೆಣಸಿನ ಹೊಲದ ಕಾಲುವೆಯನ್ನೂ ರುಫಿನಾಳೇ ತೋಡುತ್ತಿದ್ದಳು, ಗೂಟವನ್ನೂ ಅವಳೇ ಹೂಳುತ್ತಿದ್ದಳು. ಅಂಗೈ ಒಡೆದು ನಾರು ಹಿಡಿದರೆ ಉರಿಯುತ್ತದೆಂದು ಅವಳು ಹೆಣಿಗೆಯನ್ನೇ ಬಿಟ್ಟುಬಿಟ್ಟಳು. ತಾನಿಲ್ಲದಿದ್ದರೆ ಈ ಮನೆಗೆ ಚೀಲವೇ ಇರುತ್ತಿರಲಿಲ್ಲವೆಂದು ಸಿಯುನೆ ಬಂದವರಿಗೆಲ್ಲ ಹೇಳಿಕೊಂಡ.

ಆಮೇಲೆ ದಿಬ್ಬದಾಚೆ ರುಫಿನಾಳ ತವರಿನಲ್ಲಿ ಮದುವೆಯ ಹಂದಿ ಊಟ ಬಂತು. ಕಡಿದಾದ ದಾರಿ, ಮಳೆಗೆ ಜಾರುವ ಮಣ್ಣು. ನಾವು ಹೆಂಗಸರು ಏದುಸಿರು ಬಿಡುತ್ತಾ ದಿಬ್ಬ ದಾಟಿ ಅಲ್ಲಿಗೆ ಮುಟ್ಟಿದಾಗ, ಹಿಂದೆ ನಿಧಾನವಾಗಿ ಬರುತ್ತೇನೆಂದಿದ್ದ ಸಿಯುನೆ ಇನ್ನೊಂದು ದಾರಿಯಲ್ಲಿ ಓಡಿ ಬಂದು, ಹಂದಿಮಾಂಸ ಬೇಯುತ್ತಿದ್ದ ಬಿಸಿಗಲ್ಲಿನ ಗುಂಡಿಯ ಪಕ್ಕ ಗಂಡಸರ ಸಾಲಿನ ಮೊದಲಲ್ಲಿ ನಿಂತಿದ್ದ. ಗುಂಡಿಯಿಂದ ಹಬೆ ಏಳುತ್ತಿತ್ತು. ಅವನು ಎರಡೂ ಕಾಲಿನ ಮೇಲೆ ನೆಟ್ಟಗೆ ನಿಂತಿದ್ದ.

ರುಫಿನಾ ಅವನನ್ನು ನೋಡಿದಳು, ತನ್ನ ಕೈ ನೋಡಿಕೊಂಡಳು. ಮಾಂಸ ಹಂಚುತ್ತಿದ್ದ ಅಣ್ಣ ದೇಗೆಯ ಬಳಿಗೆ ಹೋಗಿ ಏನೋ ಹೇಳಿದಳು. ದೇಗೆ ಒಬ್ಬೊಬ್ಬ ಗಂಡಸನ್ನೂ ಹೆಸರು ಹಿಡಿದು ಕರೆದು ತೊಡೆ, ಪಕ್ಕೆಲುಬು, ಕೊಬ್ಬಿನ ತುಂಡು ಕೊಟ್ಟ. ಸಿಯುನೆಯನ್ನು ಕರೆಯಲಿಲ್ಲ. ಅವನು ಎರಡು ಸಲ ಕೆಮ್ಮಿದ.

"ಭಾವ, ನಿನ್ನ ಪಾಲು ಅಲ್ಲಿದೆ," ಎಂದು ದೇಗೆ ಹೆಂಗಸರ ಕಡೆ ಕೈ ತೋರಿಸಿದ. "ಬೇಲಿ, ಕಾಲುವೆ ಎಲ್ಲ ತಂಗೀದು ಅಂತೆ. ಅದಕ್ಕೆ ಗಂಡಸಿನ ಪಾಲು ಅವಳಿಗೆ ಕೊಟ್ಟಿದೀನಿ. ನಿನ್ನದು ಚೀಲದೋರ ಜೊತೆ."

ಇಡೀ ಕುಲ ನೋಡುತ್ತಿತ್ತು. ಸಿಯುನೆ ಬಾಯಿ ತೆರೆದ, ಆದರೆ ಮಾತು ಬರಲಿಲ್ಲ. ನಾವು ಅಂಥದ್ದನ್ನು ಕಂಡದ್ದು ಅದೇ ಮೊದಲು. ಕೊನೆಗೆ ಬಂದು ವಗೈ ಅಜ್ಜಿಯ ಪಕ್ಕ ಕೂತು, ಸೊಪ್ಪಿನ ನಡುವೆ ಕರುಳಿನ ಚೂರು ಹುಡುಕಿ ತಿಂದ. ಅಜ್ಜಿ ಕರುಣೆಯಿಂದ ತನ್ನ ಎಲೆಯಿಂದ ಮೂಳೆಯೊಂದನ್ನು ದಾಟಿಸಿದಳು. ರುಫಿನಾ ಎದುರಿಗೇ ಕೂತು, ಪಕ್ಕೆಲುಬನ್ನು ಅವಸರವಿಲ್ಲದೆ ಚೀಪಿದಳು.

ಮನೆಗೆ ಬಂದ ಮೇಲೆ ಅವಳು ಜಗಳವಾಡಲಿಲ್ಲ. ಬೆಳಗ್ಗೆ ಗುದ್ದಲಿ ಬಾಗಿಲಿಗೆ ಒರಗಿತ್ತು. ಅವನು ಅದನ್ನೆತ್ತಿಕೊಂಡು ಹೊರಟ, ಕುಂಟದೆ.

ಚೀಲದ ಹುಚ್ಚು ಮಾತ್ರ ಬಿಟ್ಟಿಲ್ಲ. ಈಗ ಕಾಲುವೆಯ ಕೆಸರು ತೊಳೆದುಕೊಂಡು ಬಂದ ಮೇಲೆ ದಾರ ಹಿಡಿಯುತ್ತಾನೆ, ನಾಲ್ಕು ಗಂಟು ಹಾಕುವಷ್ಟರಲ್ಲಿ ತೂಕಡಿಸುತ್ತಾನೆ. ಬೇಸಿಗೆಯಲ್ಲಿ ಶುರುಮಾಡಿದ್ದಕ್ಕೆ ಇನ್ನೂ ತಳವೇ ಕೂಡಿಲ್ಲ. ಹೆಂಡತಿ ಕೈಗೆ ಬಿಡುವು ಕೊಡುವುದಿಲ್ಲವೆಂದು ಸಭೆಯಲ್ಲಿ ದೂರುತ್ತಾನೆ. ಅಂಗೈ ವಾಸಿಯಾದ ರುಫಿನಾ ಅದನ್ನು ಕೇಳಿಸಿಕೊಳ್ಳುತ್ತಾ, ಮಗಳ ಚೀಲಕ್ಕೆ ಕೆಂಪು ಅಂಚು ಹಾಕುತ್ತಿರುತ್ತಾಳೆ.