ಕಾವು ಇಳಿಸುವ ಹಕ್ಕಿ

ಬೆವರುವುದರಲ್ಲಿ ನನ್ನನ್ನು ಮೀರಿಸುವವರು ಶಹಾಬಾದಿನಲ್ಲಿ ಯಾರಾದರೂ ಇದ್ದರೆ ಅವರನ್ನೊಮ್ಮೆ ಕಣ್ಣಾರೆ ನೋಡುವ ಆಸೆ ನನಗಿದೆ. ಹೋಳಿ ಹುಣ್ಣಿಮೆ ದಾಟಿತೆಂದರೆ ಸಾಕು, ನನ್ನ ಹಣೆ, ಮೂಗಿನ ತುದಿ, ಗದ್ದ ಎಲ್ಲವೂ ತೊಟ್ಟಿಕ್ಕಲು ಶುರು. ತರಗತಿಯಲ್ಲಿ ಬೋರ್ಡಿನ ಮೇಲೆ ಬರೆಯುತ್ತಿದ್ದರೆ ಚಾಕ್‌ಪೀಸು ಬೆರಳಲ್ಲೇ ಮೆತ್ತಗಾಗುತ್ತದೆ. ಮದುವೆಮನೆಯ ಫೋಟೋಗಳಲ್ಲಿ ಉಳಿದವರೆಲ್ಲ ನಗುತ್ತಿರುತ್ತಾರೆ, ನಾನು ಹೊಳೆಯುತ್ತಿರುತ್ತೇನೆ. ಇದಕ್ಕಾಗಿ ನಾಚಿಕೊಳ್ಳುತ್ತಿದ್ದ ಕಾಲವೂ ಇತ್ತು. ಹೈಸ್ಕೂಲಿನ ಮಕ್ಕಳಿಗೆ ವಿಜ್ಞಾನ ಕಲಿಸುತ್ತ ಕಲಿಸುತ್ತ ಆ ನಾಚಿಕೆ ಹೋಯಿತು. ಬೆವರುವುದು ಒಂದು ಪ್ರತಿಭೆ, ಮತ್ತು ಅದು ನನ್ನಲ್ಲಿ ಧಾರಾಳವಾಗಿದೆ.

ಯೋಚಿಸಿ ನೋಡಿ. ಹೊರಗೆ ನಲವತ್ತನಾಲ್ಕು ಡಿಗ್ರಿ ಬಿಸಿಲಿರಲಿ, ಚಿಂಚೋಳಿ ಕಾಡಿನ ಡಿಸೆಂಬರಿನ ಮುಂಜಾವಿರಲಿ, ನಮ್ಮ ಮೈಯೊಳಗೆ ಮಾತ್ರ ಅದೇ ಮೂವತ್ತೇಳು! ಒಂದೆರಡು ಡಿಗ್ರಿ ಏರಿದರೆ ಕನವರಿಸುತ್ತೇವೆ, ಒಂದೆರಡು ಇಳಿದರೆ ಹಲ್ಲು ಕಟಕಟ. ಮಿದುಳಿನ ತಳದಲ್ಲಿ ಬಾದಾಮಿಯಷ್ಟು ದೊಡ್ಡದೊಂದು ಭಾಗ ಕೂತು ಇದನ್ನೆಲ್ಲ ಸಂಭಾಳಿಸುತ್ತದೆ. ಅದು ಮನೆಯ ಹಿರಿಯಜ್ಜಿಯ ಹಾಗೆ. ಕೂತಲ್ಲಿಂದಲೇ ಸೆಕೆಯಾಯಿತು, ರಕ್ತವನ್ನು ಚರ್ಮದ ಹತ್ತಿರ ಕಳಿಸಿ ಎನ್ನುತ್ತದೆ. ಇನ್ನೂ ಸೆಕೆ, ಬೆವರಿನ ನಲ್ಲಿ ಬಿಡಿ ಎನ್ನುತ್ತದೆ. ಚಳಿಯಾಯಿತು, ಬಾಗಿಲು ಹಾಕಿ, ಎಲ್ಲರೂ ನಡುಗಿ ಎನ್ನುತ್ತದೆ. ನಡುಕ ಬರೀ ಚಳಿಯ ಲಕ್ಷಣವಲ್ಲ, ಚಳಿಗೆ ಮೈ ತಾನೇ ಮಾಡಿಕೊಳ್ಳುವ ಮದ್ದು. ಸ್ನಾಯುಗಳು ಅದುರಿ ಅದುರಿ ಶಾಖ ಹುಟ್ಟಿಸುತ್ತವೆ. ಇದನ್ನು ಪಾಠ ಮಾಡುವಾಗ ಪ್ರತಿವರ್ಷವೂ ನನಗೆ ಮೈ ಜುಮ್ಮೆನ್ನುತ್ತದೆ. ಮಕ್ಕಳು ಮಾತ್ರ ಇದು ಪರೀಕ್ಷೆಗೆ ಬರುತ್ತದೆಯೋ ಇಲ್ಲವೋ ಎಂದು ಕೇಳುತ್ತಾರೆ.

ಗೋಡೆಯ ಮೇಲಿನ ಹಲ್ಲಿಗೆ ಈ ರಗಳೆಯೇ ಇಲ್ಲ. ಬಿಸಿ ಬೇಕಾದರೆ ಬಿಸಿಲಿಗೆ ಹೋಗುತ್ತದೆ, ಸಾಕೆನಿಸಿದರೆ ಕ್ಯಾಲೆಂಡರಿನ ಹಿಂದೆ ಸೇರುತ್ತದೆ. ಒಳಗೆ ಒಲೆಯೇ ಇಲ್ಲದ್ದರಿಂದ ಊಟವೂ ಅಷ್ಟಕ್ಕಷ್ಟೆ. ನಾವೋ, ಹಗಲೂ ರಾತ್ರಿ ಉರಿಯುವ ಒಲೆಯನ್ನು ಹೊತ್ತುಕೊಂಡು ತಿರುಗುವವರು. ತಿಂದ ಜೋಳದ ರೊಟ್ಟಿಯ ದೊಡ್ಡ ಪಾಲು ಮೈ ಬೆಚ್ಚಗಿಡುವುದಕ್ಕೇ ಹೋಗುತ್ತದೆ. ನವೆಂಬರಿನಲ್ಲಿ ಇದು ಸರಿ. ಮೇ ತಿಂಗಳಿನ ಶಹಾಬಾದಿನಲ್ಲಿ, ಹೊರಗಿನ ಗಾಳಿಯೇ ನಮಗಿಂತ ಬಿಸಿಯಾಗಿರುವಾಗ, ಒಳಗಿನ ಒಲೆಯ ಶಾಖವನ್ನು ಎಲ್ಲಿಗೆ ಸಾಗಿಸುವುದು? ಇರುವುದು ಒಂದೇ ಉಪಾಯ: ಮೈ ಒದ್ದೆ ಮಾಡಿಕೊಳ್ಳುವುದು. ನೀರು ಆರಿಹೋಗುವಾಗ ಬಿಸಿಯನ್ನೂ ಜೊತೆಗೆ ಒಯ್ಯುತ್ತದೆ. ಮಣ್ಣಿನ ಗಡಿಗೆ ಮಾಡುವುದೂ ಅದನ್ನೇ. ಹಾಗೆಂದು ನಾನೊಮ್ಮೆ ಗಡಿಗೆಯ ಪಕ್ಕ ನಿಂತು ಹೆಮ್ಮೆಯಿಂದ ಹೇಳಿದಾಗ ನಮ್ಮನೆಯವರು, "ಗಡಿಗಿ ಸುಮ್ಮ ಇರ್ತದ, ಅಷ್ಟೇ ಫರಕ್ ನೋಡು" ಎಂದರು.

ನಮ್ಮನೆಯವರಿಗೆ ವಾಡಿ ಜಂಕ್ಷನ್ನಿನಲ್ಲಿ ರೈಲ್ವೆ ನೌಕರಿ. ನನ್ನ ಸಂಶೋಧನೆಯ ಒಂದು ಶಾಖೆ ಅಲ್ಲಿದೆ. ಅಲ್ಲಿನ ಪ್ಲಾಟ್‌ಫಾರ್ಮಿನ ನಾಯಿಗಳು ನಲ್ಲಿಯ ಕೆಳಗಿನ ತೇವದಲ್ಲಿ ಹೊಟ್ಟೆ ಒತ್ತಿ ಮಲಗಿ, ಮೊಳದುದ್ದ ನಾಲಿಗೆ ಚೆಲ್ಲಿ ತೇಕುತ್ತಿರುತ್ತವೆ. ಪಾಪ, ಅವಕ್ಕೆ ಬೆವರು ಬರುವುದು ಪಾದದಲ್ಲಿ ಮಾತ್ರ, ಹಾಗಾಗಿ ಎಲ್ಲ ಭಾರ ನಾಲಿಗೆಯ ಮೇಲೆ. ಚಿಂಚೋಳಿಯ ನನ್ನ ತವರಿನ ಎಮ್ಮೆಗೆ ಬೆವರೂ ಕಡಿಮೆ, ಬಣ್ಣವೂ ಕಪ್ಪು. ಅದು ಸೀದಾ ಕೆರೆಗಿಳಿದು ಕೊಂಬು ಮೂಗಷ್ಟೇ ಮೇಲಿಟ್ಟುಕೊಂಡು ಸಂಜೆಯವರೆಗೆ ಏಳುತ್ತಿರಲಿಲ್ಲ. ಇನ್ನು ಹಕ್ಕಿಗಳಿಗೆ ಬೆವರೇ ಇಲ್ಲ. ಮಧ್ಯಾಹ್ನ ಬೇವಿನ ಮರದ ಕಾಗೆ ಕೊಕ್ಕು ತೆರೆದುಕೊಂಡು ಕೂತಿರುವುದನ್ನು ನೀವೂ ನೋಡಿರುತ್ತೀರಿ. ಅದು ಏನನ್ನೋ ಹೇಳಲು ಮರೆತು ಕೂತದ್ದಲ್ಲ, ಗಂಟಲಿನಿಂದ ಬಿಸಿ ಹೊರಹಾಕುತ್ತಿರುವುದು. ಇಷ್ಟೆಲ್ಲ ನನಗೆ ಗೊತ್ತಿತ್ತು. ಇಷ್ಟೆಲ್ಲ ಗೊತ್ತಿದ್ದೂ ಈ ಬೇಸಿಗೆಯಲ್ಲಿ ನಾನೊಂದು ಘನಕಾರ್ಯ ಮಾಡಿದೆ.

ನಮ್ಮ ಮನೆ ಊರಿನ ಅಂಚಿನಲ್ಲಿದೆ. ಆಚೆಗೆ ಬಯಲು, ಬಯಲಿನ ಆ ತುದಿಗೆ ನೆಲಕ್ಕೆ ಹಾಸುವ ಫರಸಿ ಕಲ್ಲು ತೆಗೆದು ಬಿಟ್ಟ ಹಳೆಯ ಗಣಿ, ಅದರ ತಳದಲ್ಲಿ ಒಂದಷ್ಟು ಹಸಿರು ನೀರು. ಏಪ್ರಿಲ್ ಕೊನೆಗೆ ಮಾಳಿಗೆಗೆ ಸುಣ್ಣ ಬಳಿಸಬೇಕೆಂದು ನಮ್ಮನೆಯವರ ಯೋಜನೆ. ಬಿಳಿ ಬಳಿದರೆ ಬಿಸಿಲು ವಾಪಸು ಹೋಗುತ್ತದೆ, ಕೆಳಗೆ ಮನುಷ್ಯರು ಮಲಗಬಹುದು. ಸುಣ್ಣ ತಂದಾಯಿತು, ಬ್ರಷ್ಷೂ ಬಂತು. ಮಾಳಿಗೆ ಗುಡಿಸಲು ಹೋದ ನನ್ನ ತಲೆಯ ಮೇಲೆ ಒಂದು ಹಕ್ಕಿ ಕಿರುಚುತ್ತ ಎರಗಿತು! ಪುಸ್ತಕದಲ್ಲಿ ಟಿಟ್ಟಿಭ, ನಮ್ಮ ಕಡೆಯವರ ಬಾಯಲ್ಲಿ ಟಿಟವಿ. ಉದ್ದ ಹಳದಿ ಕಾಲು, ಕಣ್ಣಿನ ಮುಂದೆ ಕೆಂಪು ತೊಗಲು, ಊರಿಗೆಲ್ಲ ಕೇಳುವ ಗಂಟಲು. ನೆಲಹಾಸು ಹಾಕಿಸಿದಾಗ ಮಿಕ್ಕ ಫರಸಿ ಚೂರುಗಳನ್ನು ಮಾಳಿಗೆಯ ಮೂಲೆಗೆ ಸುರಿದಿದ್ದೆವು. ಅವುಗಳ ನಡುವೆ, ಅದೇ ಬಣ್ಣದ, ಮಚ್ಚೆ ಮಚ್ಚೆಯ ನಾಲ್ಕು ಮೊಟ್ಟೆ. ಗೂಡೆಂಬುದೇ ಇಲ್ಲ, ಹುಲ್ಲಿನ ಒಂದು ಎಳೆಯೂ ಇಲ್ಲ. ನಾನು ಕುಣಿದಾಡುವುದೊಂದು ಬಾಕಿ.

"ಸುಣ್ಣ ಈಗ ಬ್ಯಾಡ್ರಿ, ಮರಿ ಆಗಲಿ" ಎಂದೆ.

"ಅದು ಮೊಟ್ಟಿ ಇಟ್ಟದಂತ ನಾವು ಒಳಗ ಕುದಿಬೇಕೇನು? ಮನಿ ಭಟ್ಟಿ ಆಗ್ಯಾದ" ಎಂದರು. ಆದರೂ ಸುಣ್ಣದ ಡಬ್ಬ ಮೆಟ್ಟಿಲ ಕೆಳಗೆ ಸೇರಿತು. ಅಂದಿನಿಂದ ನನಗೆ ಇದ್ದದ್ದು ಒಂದೇ ಚಿಂತೆ: ಕಾಲಿಟ್ಟರೆ ಬೊಬ್ಬೆ ಏಳುವ ಈ ಮಾಳಿಗೆಯ ಮೇಲೆ ಆ ನಾಲ್ಕು ಮೊಟ್ಟೆ ಉಳಿಯುತ್ತವೆಯೇ?

ಕುಡಿಯಲಿ ಎಂದು ಒಂದು ಮಣ್ಣಿನ ಬೋಗುಣಿಯಲ್ಲಿ ನೀರಿಟ್ಟೆ. ಗಂಡು ಹೆಣ್ಣು ಪಾಳಿ ಹಾಕಿಕೊಂಡು ಕಾವಿಗೆ ಕೂರುತ್ತಿದ್ದವು. ಆದರೆ ಆ ನೀರಿನಲ್ಲಿ ಅವು ಮಾಡಿದ್ದೇನು ಗೊತ್ತೇ? ಬೋಗುಣಿಯೊಳಗೆ ಇಳಿದು, ಎದೆ ಹೊಟ್ಟೆ ಅದ್ದಿ ಅದ್ದಿ ತೊಯ್ಯಿಸಿಕೊಂಡು, ತೊಟ್ಟಿಕ್ಕುವ ಹೊಟ್ಟೆಯಲ್ಲೇ ಹೋಗಿ ಮೊಟ್ಟೆಯ ಮೇಲೆ ಕೂತವು! ಕಾವು ಕೊಡುವುದೆಂದರೆ ಬೆಚ್ಚಗಿಡುವುದು ಎಂದು ಎಷ್ಟು ಸಲ ಪಾಠ ಮಾಡಿಲ್ಲ ನಾನು! ಪಕ್ಕದ ಮಾಳಿಗೆಯಲ್ಲಿ ಸಂಡಿಗೆ ಹರವುತ್ತಿದ್ದ ರಜಿಯಾ ಆಪಾ ಅವರನ್ನು ಕೇಳಿದೆ. ಅವರು ಬಹಳ ಕಾಲದಿಂದ ಕೋಳಿ ಸಾಕಿದವರು.

"ಅಕ್ಕೋರೆ, ನಮ್ಮ ಕೋಳಿ ಕಾವಿಗಿ ಕುಂತಾಗ ಒಂದು ಹನಿ ನೀರು ಬೀಳಗೊಡಂಗಿಲ್ಲ ನಾ. ಒದ್ದಿ ಆದ್ರ ಅಂಡಾ ಕೆಡ್ತಾವ್ರಿ. ಈ ಟಿಟವಿ ದಿವಾನಿ ಅದ" ಎಂದರು.

ಪುಸ್ತಕ ಮತ್ತು ಕೋಳಿ ಎರಡೂ ಒಂದೇ ಮಾತು ಹೇಳಿದ ಮೇಲೆ ಇನ್ನೇನು ಉಳಿಯಿತು? ಬುದ್ಧಿಯಿಲ್ಲದ ತಾಯಿಯಿಂದ ಮೊಟ್ಟೆಗಳನ್ನು ಕಾಪಾಡಲು ನಾನು ಬೋಗುಣಿಯನ್ನು ಎತ್ತಿ ಕೆಳಗೆ ತಂದುಬಿಟ್ಟೆ.

ಮರುದಿನ ಮಧ್ಯಾಹ್ನ ಮೆಟ್ಟಿಲ ಬಾಗಿಲಿನ ಸಂದಿಯಿಂದ ನೋಡುತ್ತೇನೆ, ಒಂದು ಹಕ್ಕಿ ಗಣಿಯ ಕಡೆ ಹಾರಿಹೋಗಿ ಎಷ್ಟು ಹೊತ್ತಾದರೂ ಬಂದಿಲ್ಲ. ಇನ್ನೊಂದು ಕೂತಲ್ಲೇ ಕೊಕ್ಕು ತೆರೆದು ಏದುಸಿರು ಬಿಡುತ್ತಿದೆ. ಕೂರಲಾರದೆ ಎದ್ದು ನಿಂತು ನೆರಳು ಮಾಡಿತು. ಕೊನೆಗೆ ಅದೂ ಹಾರಿತು. ಮೊಟ್ಟೆಗಳು ಬಟಾಬಯಲಿನಲ್ಲಿ! ನಾನು ಕೊಡೆ ಹಿಡಿದುಕೊಂಡು ಓಡಿದೆ. ಮಟಮಟ ಮಧ್ಯಾಹ್ನ, ಹೈಸ್ಕೂಲಿನ ಶಿಕ್ಷಕಿಯೊಬ್ಬಳು ಮಾಳಿಗೆಯ ಮೇಲೆ ಕುಕ್ಕರಗಾಲಲ್ಲಿ ಕೂತು ನಾಲ್ಕು ಮೊಟ್ಟೆಗೆ ಕೊಡೆ ಹಿಡಿದಿದ್ದಾಳೆ, ಮರಳಿ ಬಂದ ಎರಡು ಹಕ್ಕಿಗಳು ಅವಳ ತಲೆಗೆ ಎರಗುತ್ತಿವೆ, ಬೆವರು ಧಾರೆಧಾರೆ. ರಜಿಯಾ ಆಪಾ ಸಂಡಿಗೆ ಬಿಟ್ಟು ನಿಂತು ನೋಡಿದರು. ನಗಬಾರದೆಂದು ಅವರು ಪಟ್ಟ ಕಷ್ಟ ನನಗೆ ಅಷ್ಟು ದೂರದಿಂದಲೂ ಕಾಣುತ್ತಿತ್ತು. ಬೆರಳ ತುದಿಯಿಂದ ಒಂದು ಮೊಟ್ಟೆಯನ್ನು ಮುಟ್ಟಿದೆ. ಜ್ವರ ಬಂದ ಕೂಸಿನ ಹಣೆಯಷ್ಟು ಬಿಸಿ.

ನಾನು ಅಲ್ಲಿರುವ ತನಕ ಹಕ್ಕಿಗಳು ಕೂರುವುದಿಲ್ಲವೆಂದು ಕೆಳಗಿಳಿದೆ. ಕರೆಂಟು ಹೋಗಿತ್ತು. ಕಣ್ಣು ಕತ್ತಲಿಡುತ್ತಿತ್ತು. ಸೆರಗನ್ನು ಬಕೆಟ್ಟಿನಲ್ಲಿ ಅದ್ದಿ, ಹಿಂಡದೆ ಮೈಮೇಲೆ ಹೊದ್ದುಕೊಂಡು ಫರಸಿಯ ಮೇಲೆ ಕುಸಿದು ಕೂತೆ. ಆಹಾ! ಪಾಳಿ ಮುಗಿಸಿ ವಾಡಿಯಿಂದ ಬಂದ ನಮ್ಮನೆಯವರು ಬಾಗಿಲಲ್ಲಿ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ನೀನೂ ಟಿಟವಿ ಆಗಿ ಕುಂತೀಯಲ್ಲ! ಮೊಟ್ಟಿ ಎಲ್ಲಿ ಅವ?"

ಅವರಿಗೆ ಅದು ಚೇಷ್ಟೆ. ನನಗೆ ಮಿಂಚು ಹೊಡೆದಂತಾಯಿತು. ನಾನೇಕೆ ಸೆರಗು ತೊಯ್ಯಿಸಿಕೊಂಡೆ? ಬಿಸಿ ಕಳೆದುಕೊಳ್ಳಲು. ಹಕ್ಕಿ ಏಕೆ ಹೊಟ್ಟೆ ತೊಯ್ಯಿಸಿಕೊಂಡಿತು? ಅದೇ ಕಾರಣಕ್ಕೆ! ಮೊಟ್ಟೆಗೆ ಬೇಕಾದ ಶಾಖಕ್ಕಿಂತ ಎಷ್ಟೋ ಹೆಚ್ಚು ಬೆಂಕಿ ಈ ಮಾಳಿಗೆಯ ಮೇಲಿದೆ. ಇಲ್ಲಿ ತಾಯಿಯ ಕೆಲಸ ಕಾವು ಕೊಡುವುದಲ್ಲ, ಕಾವು ಇಳಿಸುವುದು. ತನಗೆ ಬೆವರಿಲ್ಲದ ಹಕ್ಕಿ ನೀರನ್ನು ಹೊಟ್ಟೆಯಲ್ಲಿ ಹೊತ್ತು ತಂದು ಮೊಟ್ಟೆಗಳ ಪರವಾಗಿ ಬೆವರುತ್ತಿತ್ತು. ಆ ಬೆವರನ್ನು ನಾನು ಕಸಿದುಕೊಂಡಿದ್ದೆ. "ಅಯ್ಯೋ, ಬೋಗುಣಿ!" ಎಂದು ಚೀರಿ ನಾನು ಓಡಿದ ರಭಸಕ್ಕೆ ನಮ್ಮನೆಯವರು ಗೋಡೆಗೆ ಸರಿದು ನಿಂತರು.

ನೀರಿಟ್ಟು ಬಾಗಿಲ ಹಿಂದೆ ಬಂದು ನಿಲ್ಲುವುದರೊಳಗೆ ಹಕ್ಕಿ ಬೋಗುಣಿಯಲ್ಲಿತ್ತು. ಅದ್ದಿತು, ಅದ್ದಿತು, ಪುಕ್ಕವೆಲ್ಲ ಜೋತುಬೀಳುವಷ್ಟು ಅದ್ದಿ, ಗಡಬಡಿಸಿ ನಡೆದು ಹೋಗಿ ಕೂತಿತು. ಅದು ಕೂತಾಗ ನನ್ನ ಮೈಯೇ ತಂಪಾಯಿತು. ಆದರೆ ಹೊತ್ತು ಮೀರಿ ಹೋಗಿದೆಯೋ ಏನೋ, ಮೊಟ್ಟೆಯ ಸಿಪ್ಪೆ ನೋಡಿ ಯಾರು ಹೇಳಬಲ್ಲರು? ಆಮೇಲಿನ ದಿನಗಳಲ್ಲಿ ನನಗೆ ಊಟ ರುಚಿಸಲಿಲ್ಲ. ವಿಷಯ ಕೇಳಿದ ರಜಿಯಾ ಆಪಾ, "ಯಾ ಅಲ್ಲಾ, ನಾ ಬಿಚಾರಿಗಿ ದಿವಾನಿ ಅಂದೆ!" ಎಂದು ಕೆನ್ನೆಗೆ ಬಡಿದುಕೊಂಡರು. ತಮ್ಮ ಕಡೆಯ ಗೋಡೆಯ ಮೇಲೆ ತಾವೂ ಒಂದು ತಟ್ಟೆ ನೀರಿಟ್ಟರು. ಕುದಿಯುವ ಮನೆಯಲ್ಲಿ ಕುದಿಯುತ್ತಲೇ ಇದ್ದ ನಮ್ಮನೆಯವರೂ ಕೆಲಸಕ್ಕೆ ಹೊರಡುವ ಮುನ್ನ ಬೋಗುಣಿ ತುಂಬಿಸಿ ಹೋಗತೊಡಗಿದರು. ಸುಣ್ಣದ ಮಾತು ಎತ್ತಲಿಲ್ಲ.

ಮೇ ಮುಗಿಯುತ್ತ ಬಂದಾಗ ಒಂದು ಬೆಳಿಗ್ಗೆ ಮೇಲಿಂದ ಅವರ ಕೂಗು ಕೇಳಿತು. "ಏ, ಲಗೂ ಬಾ! ಕಲ್ಲು ಓಡಾಡ್ಲಿಕತ್ತಾವ!" ಓಡಿಹೋಗಿ ನೋಡಿದರೆ, ಫರಸಿ ಚೂರುಗಳಿಗೇ ಕಾಲು ಬಂದಂತೆ ಮರಿಗಳು! ಕಡ್ಡಿ ಕಾಲು, ಮಚ್ಚೆ ಬೆನ್ನು. ನಾನು ಅತ್ತೆ, ಮುಚ್ಚಿಡುವುದೇನು. ಒಂದು, ಎರಡು, ಮೂರು. ನಾಲ್ಕನೆಯ ಮೊಟ್ಟೆ ಇದ್ದಲ್ಲೇ ಇತ್ತು. ನಾನು ಬೆರಳಿಟ್ಟು ಮುಟ್ಟಿದ್ದು ಅದನ್ನೇ ಇರಬಹುದು, ಇರಲಿಕ್ಕಿಲ್ಲ. ಕೆಲವು ಮೊಟ್ಟೆಗಳು ಹಾಗೆಯೇ ಒಡೆಯುವುದಿಲ್ಲ ಎಂದು ಪುಸ್ತಕವೂ ಹೇಳುತ್ತದೆ, ಕೋಳಿಯೂ ಹೇಳುತ್ತದೆ. ಈ ಸಲ ಅವೆರಡನ್ನೂ ನಾನು ಪೂರ್ತಿ ನಂಬಲಿಲ್ಲ.

ಮರುದಿನ ಮೋಡ ಕವಿದಿತ್ತು. ತಾಯಿ ತಂದೆ ಕೆಳಗಿನ ಬಯಲಲ್ಲಿ ನಿಂತು ಕರೆಯುತ್ತಿವೆ, ಮರಿಗಳು ಮಾಳಿಗೆಯ ಅಂಚಿನ ಗೋಡೆ ದಾಟಲಾರದೆ ಅತ್ತಿಂದಿತ್ತ ಓಡುತ್ತಿವೆ. ನಮ್ಮನೆಯವರು ತಲೆಗೆ ಟವೆಲ್ ಸುತ್ತಿಕೊಂಡು ಮರಿಗಳನ್ನು ರೊಟ್ಟಿ ಬುಟ್ಟಿಯಲ್ಲಿ ಹಾಕಿಕೊಂಡರು. ಎರಡು ಹಕ್ಕಿಗಳ ಬೈಗುಳ ತಿನ್ನುತ್ತ ಬಯಲಿಗೆ ನಡೆದರು, ನಾನು ಬಯಲಿನ ಅಂಚಿನವರೆಗೆ ಹಿಂದೆಯೇ ಹೋದೆ. ಬುಟ್ಟಿ ಬಗ್ಗಿಸುವುದಕ್ಕೂ ಮಳೆ ಸುರಿಯುವುದಕ್ಕೂ ಸರಿಹೋಯಿತು. ಎಂಥ ಗಾಳಿ, ಎಂಥ ತಣ್ಣನೆಯ ದಪ್ಪ ಹನಿ! ಮರಿಗಳಿಗೆ ಇನ್ನೂ ಸ್ವಂತ ಶಾಖ ಕಾಯ್ದುಕೊಳ್ಳಲು ಬಾರದು, ಮುಗಿಯಿತು ಎಂದುಕೊಂಡೆ. ಅಷ್ಟರಲ್ಲಿ ತಾಯಿ ಕಲ್ಲಿನ ರಾಶಿಯ ಮರೆಗೆ ಸರಿದು, ಪುಕ್ಕ ಉಬ್ಬಿಸಿ, ಮೂರನ್ನೂ ಒಳಗೆ ಕರೆದುಕೊಂಡು ಕೂತಿತು. ಹೊಟ್ಟೆಯ ಕೆಳಗೆ ಆರು ಕಡ್ಡಿ ಕಾಲುಗಳಷ್ಟೇ ಕಾಣುತ್ತಿದ್ದವು. ನಿನ್ನೆಯವರೆಗೆ ತಂಪು ಹೊತ್ತು ತಂದ ಹೊಟ್ಟೆಯೇ ಇವತ್ತು ಕೌದಿಯಾಗಿತ್ತು. ಯಾರು ಹೇಳಿಕೊಟ್ಟರು ಅದಕ್ಕೆ, ಯಾವಾಗ ಕಾವು ಕೊಡಬೇಕು, ಯಾವಾಗ ಇಳಿಸಬೇಕು ಎಂದು? ಮಳೆಯಲ್ಲಿ ನಿಂತು ನಾನು ಚಪ್ಪಾಳೆ ತಟ್ಟಿದೆ.

ನಮ್ಮನೆಯವರು ತೊಯ್ದು ತೊಪ್ಪೆಯಾಗಿ ಬಂದರು. ಒಂದು ತಿಂಗಳು ಭಟ್ಟಿ, ಭಟ್ಟಿ ಎಂದು ಹಾಡಿದ ಮನುಷ್ಯ ಹಲ್ಲು ಕಟಕಟಿಸುತ್ತ, "ಭಾಳ ಥಂಡಿ ಅದ, ಚಾದರ ಕೊಡು, ಚಾ ಮಾಡು" ಎಂದರು. ಇದು ನಡುಕ, ಸ್ನಾಯುಗಳು ಶಾಖ ಹುಟ್ಟಿಸುತ್ತಿವೆ ಎಂದು ನಾನು ಪಾಠ ಶುರು ಮಾಡಿದೆ. ಅವರು ಕೇಳಲಿಲ್ಲ. ಒಲೆಯ ಮುಂದೆ ನಿಂತದ್ದಕ್ಕೆ ನನಗೆ ಆ ಮಳೆಯಲ್ಲೂ ಹಣೆ ತೊಟ್ಟಿಕ್ಕುತ್ತಿತ್ತು. ಚಹಾ ಕೊಡಲು ಹೋದೆ. ಅವರು ಕಪ್ಪು ಪಕ್ಕಕ್ಕಿಟ್ಟು ಬೆವರಿದ ನನ್ನ ಕೈಯನ್ನು ಹಿಡಿದು ತಮ್ಮ ಎರಡೂ ಅಂಗೈಗಳ ನಡುವೆ ಇಟ್ಟುಕೊಂಡರು.

"ಬೆಚ್ಚಗ ಅದ. ಇರ್ಲಿ ಹಂಗೇ, ಸ್ವಲ್ಪ ಹೊತ್ತು."

ಚಹಾ ಆರಿತು. ನಾನು ಕೈ ತೆಗೆಯಲಿಲ್ಲ.