ಬ್ರೆಡ್ಡು, ಉಪ್ಪು ಮತ್ತು ಧಾರವಾಡದ ದನಿ

ಮಾಷ್ಟ್ರೇ, ಎರಡು ವರ್ಷದ ಹಿಂದೆ ಧಾರವಾಡದ ಪ್ರಕಾಶಕನೆಂದು ನಿಮಗೆ ಫೋನ್ ಮಾಡಿದವನು ನಾನು. "ನಿಮ್ಮ ಪುಸ್ತಕ ನಾವ ತರತೇವ್ರಿ, ಬ್ಯಾರೆಯವರಿಗೆ ಕೊಡಬ್ಯಾಡ್ರಿ" — ಗೆಳೆಯನ ಫೋನು, ನನ್ನ ಗಂಟಲು.

ಅಣಕಿಸುವುದು ನನ್ನ ಚಾಳಿ. ಒಮಾನಿನ ಈ ರುಸೈಲ್‌ನ ಕಾರ್ಖಾನೆಯಲ್ಲಿ ಫೋರ್‌ಮನ್‌ನ ಕೆಮ್ಮು, ವೀಸಾ ಕೊಟ್ಟ ಕಫೀಲನ 'ಖಲಾಸ್', ಊರಿಂದ ಕರೆ ಬಂದಾಗ 'ನಾನು ಆರಾಮ ಇದ್ದೇನೆ ಉಮ್ಮಾ' ಎನ್ನುವ ನನ್ನದೇ ಸುಳ್ಳು — ಯಾವುದನ್ನೂ ಬಿಟ್ಟವನಲ್ಲ. ನೀವು ಮಾತ್ರ ನಗದೆ, "ಇದರಲ್ಲಿ ನಿನ್ನ ದನಿ ಯಾವುದಯ್ಯಾ ಅಶ್ರಫ?" ಎನ್ನುತ್ತಿದ್ದಿರಿ.

ಶುಕ್ರವಾರಗಳಂದು ನಿಜ್ವಾದ ನಿಮ್ಮ ಮನೆಗೆ ಬರುತ್ತಿದ್ದೆ. ಶಾಲೆಯಲ್ಲಿ ಚರಿತ್ರೆ ಕಲಿಸುವ ನೀವು ಹನ್ನೆರಡು ವರ್ಷದಿಂದ ರಷ್ಯಾದವರ ಊಟದ ಚರಿತ್ರೆ ಬರೆಯುತ್ತಿದ್ದಿರಿ — ರೈತರ ಕಪ್ಪು ಬ್ರೆಡ್ಡು, ಎಲೆಕೋಸಿನ ಸಾರು, ಉಪವಾಸದ ವಾರಗಳು, ಜಮೀನ್ದಾರರ ಉದ್ದನೆಯ ಮೇಜು. "ಏನು ತಿಂದ್ರು ಅನ್ನೋದು ಅರ್ಧ ಚರಿತ್ರೆ ಕಣಯ್ಯ. ಯಾರ ಜೊತೆ ಕೂತು ತಿಂದ್ರು ಅನ್ನೋದು ಇನ್ನರ್ಧ." ಹಾಗೆಂದು ನಿಮ್ಮ ಒಂದೇ ತಟ್ಟೆಯನ್ನು ತೊಳೆಯಲು ಏಳುತ್ತಿದ್ದಿರಿ.

ತಮಾಷೆಗೆಂದೇ ಮಾಡಿದ ಫೋನು. ಕೊನೆಯಲ್ಲಿ ನಕ್ಕುಬಿಡುವವನಿದ್ದೆ. ಆದರೆ ಆ ಕಡೆ ನೀವು "ನಿಮಗೇ ಕೊಡ್ತೀನಿ" ಎನ್ನುತ್ತ — ಅಳುತ್ತಿದ್ದಿರಿ. ಕಟ್ ಮಾಡಿದೆ.

ಮುಂದಿನ ಶುಕ್ರವಾರ ಬಾಗಿಲಲ್ಲೇ ನಿಂತಿದ್ದಿರಿ. ಕೈಯಲ್ಲಿ ನೀವೇ ಬೇಯಿಸಿದ ಕಪ್ಪು ಬ್ರೆಡ್ಡು, ಪಕ್ಕದಲ್ಲಿ ಪುಟ್ಟ ಬಟ್ಟಲು ಉಪ್ಪು. ಅತಿಥಿಯನ್ನು ಹಾಗೆ ಬರಮಾಡಿಕೊಳ್ಳುವುದು ರಷ್ಯಾದವರ ಪದ್ಧತಿಯಂತೆ. "ಬಾರಯ್ಯ, ಮೊದಲು ನಿನಗೇ ಹೇಳ್ಬೇಕು ಅಂತ ಕಾದಿದೀನಿ."

ಆಗ ಹೇಳಬೇಕಿತ್ತು. ಬಾಯಿ ತೆರೆದೆ, ಬ್ರೆಡ್ಡು ತುಂಬಿಕೊಂಡೆ. "ಇದೆಂಥದು ಮಾಷ್ಟ್ರೇ, ಮತ್ರಾ ಬಂದರಿನ ಕಲ್ಲಾ?" ಎಂದೆ. ಅವತ್ತು ಮೊದಲ ಸಲ ನೀವು ನಕ್ಕಿರಿ.

ತಿಂಗಳ ನಂತರ ಫೋನಿನಲ್ಲಿ ಹೆಮ್ಮೆಯಿಂದ ಹೇಳಿದಿರಿ: "ಮೈಸೂರಿನ ಪ್ರಕಾಶಕರು ಪುಸ್ತಕ ಕೇಳಿದ್ರು. ಧಾರವಾಡಕ್ಕೆ ಮಾತು ಕೊಟ್ಟಾಗಿದೆ, ಆಗಲ್ಲ ಅಂದ್ಬಿಟ್ಟೆ." ಆಮೇಲೆ ನಾನು ನಿಜ್ವಾಕ್ಕೆ ಬರಲಿಲ್ಲ. ಓವರ್‌ಟೈಮ್ ಉಂಟು ಎಂದೆ. ಎರಡು ವರ್ಷ ಓವರ್‌ಟೈಮ್.

ಈಗ ಶುಕ್ರವಾರ ರೂಮಿನಲ್ಲಿ ಒಬ್ಬನೇ ಉಣ್ಣುತ್ತೇನೆ. ಒಮ್ಮೆ ನಿಮ್ಮ ದನಿಯಲ್ಲಿ 'ಕೂತ್ಕೊಳಯ್ಯ' ಎಂದು ಹೇಳಿಕೊಳ್ಳಲು ನೋಡಿದೆ. ಬರಲಿಲ್ಲ.

ಮೈಸೂರಿನವರಿಗೆ ನಡೆದದ್ದನ್ನೆಲ್ಲ ನನ್ನ ಹೆಸರಿನಲ್ಲೇ ಬರೆದಿದ್ದೇನೆ. ಅವರಿನ್ನೂ ಉತ್ತರಿಸಿಲ್ಲ. ಈ ಶುಕ್ರವಾರ ಬರುತ್ತೇನೆ. ಬಾಗಿಲು ತೆರೆಯಿರಿ ಎಂದು ಕೇಳುವ ಮುಖ ನನಗಿಲ್ಲ. ತೆರೆದರೂ ಬ್ರೆಡ್ಡು, ಉಪ್ಪು ಹಿಡಿದು ನಿಲ್ಲಬೇಡಿ ಮಾಷ್ಟ್ರೇ. ನಿಮ್ಮ ಉಪ್ಪನ್ನು ನಾನು ಒಮ್ಮೆ ತಿಂದಿದ್ದೇನೆ.